ಸೆಕೆಂಡಿಗೆ ತೊಂಬತ್ತು ಲಕ್ಷ

ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಸಿಕಲ್ ಸೆಲ್ ಕಾಯಿಲೆಯ ವಯಸ್ಕರಿಗೆಂದೇ ಒಂದು ಕೇಂದ್ರವಿದೆ. ಅಲ್ಲಿಗೆ ಬರುತ್ತಿದ್ದ 404 ರೋಗಿಗಳ ಕಡತಗಳನ್ನು ವೈದ್ಯರು ಒಂದೇ ಪ್ರಶ್ನೆ ಇಟ್ಟುಕೊಂಡು ಓದಿದರು: ಇವರಲ್ಲಿ ಎಷ್ಟು ಜನಕ್ಕೆ ಅಭಿಧಮನಿಯೊಳಗೆ ರಕ್ತ ಹೆಪ್ಪುಗಟ್ಟಿದೆ? 2013ರಲ್ಲಿ ಉತ್ತರ ಪ್ರಕಟವಾಯಿತು. 101 ಜನಕ್ಕೆ. ಕಾಲಿನ ಆಳದ ರಕ್ತನಾಳದಲ್ಲೋ ಶ್ವಾಸಕೋಶದಲ್ಲೋ, ನಾಲ್ವರಲ್ಲಿ ಒಬ್ಬರಿಗೆ ಹೆಪ್ಪು ಕಾಣಿಸಿಕೊಂಡಿತ್ತು. ಔಷಧಿ ಕೊಡಲೆಂದು ದೊಡ್ಡ ರಕ್ತನಾಳಕ್ಕೆ ತೂರಿಸಿದ ಕೊಳವೆಯಿಂದಾದ ಹೆಪ್ಪುಗಳನ್ನು ಬದಿಗಿಟ್ಟು ಎಣಿಸಿದರೂ ನೂರಕ್ಕೆ ಸುಮಾರು 19 ಜನ ಉಳಿದರು.

ಈ ಸಂಖ್ಯೆಗಿಂತ ನನ್ನನ್ನು ಬೆಚ್ಚಿಸಿದ್ದು ಅವರ ವಯಸ್ಸು. ಮೊದಲ ಹೆಪ್ಪು ಕಂಡಾಗಿನ ವಯಸ್ಸುಗಳನ್ನು ಸಾಲಾಗಿ ಜೋಡಿಸಿದರೆ ನಟ್ಟನಡುವೆ ಬರುವುದು 29.9. ಅರ್ಧಕ್ಕರ್ಧ ಜನಕ್ಕೆ ಮೂವತ್ತು ತುಂಬುವ ಮೊದಲೇ ಹೆಪ್ಪು ಬಂದಿತ್ತು. ಸಿಕಲ್ ಸೆಲ್ ಇಲ್ಲದವರ ಪಾಲಿಗೆ ಹೆಪ್ಪು ಬಹುಮಟ್ಟಿಗೆ ಅರವತ್ತರ ಆಚೆಯ ಕಾಯಿಲೆ. ಮೂಳೆ ಮುರಿದು ವಾರಗಟ್ಟಲೆ ಮಲಗಿದವರಿಗೆ, ಕ್ಯಾನ್ಸರ್ ಇರುವವರಿಗೆ, ದೊಡ್ಡ ಆಪರೇಷನ್ ಆದವರಿಗೆ ಬರುವಂಥದ್ದು. ವರ್ಷಕ್ಕೆ ಸಾವಿರ ಜನರಲ್ಲಿ ಸುಮಾರು ಒಬ್ಬರಿಗೆ. ಅದೂ ಮುದುಕರನ್ನೆಲ್ಲ ಸೇರಿಸಿಕೊಂಡ ಲೆಕ್ಕ. ಇಲ್ಲಿ ನೋಡಿದರೆ ಕಾಲೇಜು ಮುಗಿಸಿದವರು, ಹೊಸದಾಗಿ ಮದುವೆಯಾದವರು, ಎಳೆಮಕ್ಕಳ ತಾಯಂದಿರ ವಯಸ್ಸು.

ಒಂದು ಕೇಂದ್ರದ ಕಡತಗಳನ್ನಷ್ಟೇ ನಂಬಬೇಕಿಲ್ಲ. ಅಮೆರಿಕದ ಹಲವು ಆಸ್ಪತ್ರೆಗಳು ಸೇರಿ ವರ್ಷಗಟ್ಟಲೆ ಹಿಂಬಾಲಿಸಿದ ಹದಿನೈದು ದಾಟಿದ 1,523 ರೋಗಿಗಳಲ್ಲಿ, ನಲವತ್ತು ತುಂಬುವಷ್ಟರಲ್ಲಿ ನೂರಕ್ಕೆ 11.3 ಜನಕ್ಕೆ ಹೆಪ್ಪು ಬಂದಿತ್ತು. ಕ್ಯಾಲಿಫೋರ್ನಿಯಾ ರಾಜ್ಯದ ಆಸ್ಪತ್ರೆ ದಾಖಲೆಗಳಲ್ಲಿ ಸಿಕ್ಕ 6,237 ರೋಗಿಗಳನ್ನು ಲೆಕ್ಕ ಹಾಕಿದಾಗಲೂ ಹತ್ತಿರ ಹತ್ತಿರ ಅದೇ ಉತ್ತರ: ನೂರಕ್ಕೆ 12.5. ಅವರ ಪೈಕಿ ವರ್ಷಕ್ಕೆ ಮೂರು ಅಥವಾ ಹೆಚ್ಚು ಸಲ ಆಸ್ಪತ್ರೆ ಸೇರುವಷ್ಟು ತೀವ್ರ ಕಾಯಿಲೆ ಇದ್ದವರಲ್ಲಿ ನೂರಕ್ಕೆ 17. ಹೆಪ್ಪು ಬಂದವರು ಸಾಯುವ ಸಂಭವ, ಹೆಪ್ಪು ಬಾರದ ಸಿಕಲ್ ಸೆಲ್ ರೋಗಿಗಳಿಗಿಂತ ಮೂರು ಪಟ್ಟಿನ ಹತ್ತಿರ. ಒಮ್ಮೆ ಬಂದವರಲ್ಲಿ ನಾಲ್ವರಿಗೊಬ್ಬರಂತೆ ಐದು ವರ್ಷದೊಳಗೆ ಮತ್ತೆ ಬರುತ್ತದೆ.

ಸಿಕಲ್ ಸೆಲ್ ಎಂದರೆ ಮೈಕೈ ಮೂಳೆ ಮುರಿಯುವಂಥ ನೋವು, ರಕ್ತಹೀನತೆ, ಹಳದಿಯಾದ ಕಣ್ಣು. ನಮಗೆ ಹೇಳುತ್ತ ಬಂದಿರುವುದು ಇಷ್ಟು. ಇದು ಹೆಪ್ಪಿನ ಕಾಯಿಲೆಯೂ ಹೌದು ಎಂಬುದು ವೈದ್ಯಗ್ರಂಥಗಳಲ್ಲೂ ತಡವಾಗಿ ಸೇರಿದ ಮಾತು. ಯಾಕೆ ಹೀಗೆ ಎಂದು ಕೇಳಿದರೆ ಲೆಕ್ಕ ತೀರಾ ಸಣ್ಣ ಕಡೆಯಿಂದ ಶುರುವಾಗುತ್ತದೆ.

ತಂದೆಯಿಂದ ಒಂದು, ತಾಯಿಯಿಂದ ಒಂದು ಎಂದು ನಮ್ಮ ಜೀವಕೋಶಗಳಿಗೆ ವಂಶವಾಹಿಗಳ ಪೂರ್ತಿ ಬರಹದ ಎರಡು ಪ್ರತಿಗಳು ಬರುತ್ತವೆ. ಒಂದೊಂದರಲ್ಲೂ ಸುಮಾರು 300 ಕೋಟಿ ಅಕ್ಷರ. ಪುಟಕ್ಕೆ ಎರಡು ಸಾವಿರ ಅಕ್ಷರದಂತೆ ಮುನ್ನೂರು ಪುಟದ ಪುಸ್ತಕಗಳಾಗಿ ಅಚ್ಚು ಹಾಕಿಸಿದರೆ ಐದು ಸಾವಿರ ಪುಸ್ತಕ, ಒಂದು ತಾಲ್ಲೂಕಿನ ಗ್ರಂಥಾಲಯ. ಅದರಲ್ಲಿ ಎಲ್ಲೋ ಒಂದು ಪುಸ್ತಕದ ಒಂದು ಪುಟದಲ್ಲಿ ‘ಎ’ ಇರಬೇಕಾದ ಕಡೆ ‘ಟಿ’ ಬಿದ್ದಿದೆ. ಅಷ್ಟೇ. ಆ ಅಕ್ಷರ ಇರುವುದು ಹೀಮೋಗ್ಲೋಬಿನ್ನಿನ ಬೀಟಾ ಸರಪಳಿಯನ್ನು ಹೆಣೆಯುವ ಜೀನ್‌ನಲ್ಲಿ. ಸರಪಳಿಯಲ್ಲಿರುವ 146 ಅಮೈನೋ ಆಮ್ಲಗಳಲ್ಲಿ ಆರನೆಯದು ಬದಲಾಗುತ್ತದೆ, ಗ್ಲುಟಾಮಿಕ್ ಆಮ್ಲದ ಜಾಗಕ್ಕೆ ವ್ಯಾಲೀನ್ ಬರುತ್ತದೆ. ನೀರನ್ನು ಇಷ್ಟಪಡುವ ಅಣುವಿನ ಬದಲು ನೀರಿನಿಂದ ತಪ್ಪಿಸಿಕೊಂಡು ಇನ್ನೊಂದಕ್ಕೆ ಅಂಟಲು ನೋಡುವ ಅಣು. ಚಿಕಾಗೋದ ಜೇಮ್ಸ್ ಹೆರಿಕ್ ಕುಡುಗೋಲಿನಂತೆ ಬಾಗಿದ ರಕ್ತಕಣಗಳನ್ನು ವರದಿ ಮಾಡಿದ್ದು 1910ರಲ್ಲಿ. ಲೈನಸ್ ಪಾಲಿಂಗ್ ಇದು ಅಣುವಿನ ಕಾಯಿಲೆ ಎಂದು ತೋರಿಸಿದ್ದು 1949ರಲ್ಲಿ. ತಪ್ಪು ಇರುವುದು ಒಂದೇ ಅಮೈನೋ ಆಮ್ಲದಲ್ಲಿ ಎಂದು ವರ್ನನ್ ಇಂಗ್ರಾಂ ಕಂಡುಹಿಡಿದದ್ದು 1950ರ ದಶಕದ ನಡುವಿನಲ್ಲಿ.

ತಂದೆ ತಾಯಿ ಇಬ್ಬರಿಂದಲೂ ಈ ತಪ್ಪು ಅಕ್ಷರ ಬಂದಾಗ ಅದು ಎಷ್ಟು ಕಡೆ ಮರುಕಳಿಸುತ್ತದೆ ನೋಡಿ. ಆರೋಗ್ಯವಂತ ವಯಸ್ಕರ ಮೈಯಲ್ಲಿ ಸುಮಾರು 25 ಲಕ್ಷ ಕೋಟಿ ಕೆಂಪು ರಕ್ತಕಣಗಳು. ಒಂದೊಂದು ಕಣದೊಳಗೂ ಸುಮಾರು 27 ಕೋಟಿ ಹೀಮೋಗ್ಲೋಬಿನ್ ಅಣು. ಗುಣಿಸಿದರೆ ಬರುವುದು ಆರೂಮುಕ್ಕಾಲು ಕೋಟಿ ಕೋಟಿ ಕೋಟಿ. ಮೂರು ಸಲ ಕೋಟಿ ಎಂದದ್ದು ಅಚ್ಚಿನ ತಪ್ಪಲ್ಲ. ಸಿಕಲ್ ಸೆಲ್ ರೋಗಿಗಳಲ್ಲಿ ಕಣಗಳ ಸಂಖ್ಯೆ ಅರ್ಧಕ್ಕೆ ಇಳಿದಿರುತ್ತದೆ ಎಂದುಕೊಂಡರೂ ಮೂರು ಕೋಟಿ ಕೋಟಿ ಕೋಟಿಗೆ ಮೋಸವಿಲ್ಲ. ಪ್ರತಿ ಅಣುವಿನಲ್ಲೂ ಬೀಟಾ ಸರಪಳಿ ಎರಡೆರಡು.

ಈ ಅಣುಗಳು ಆಮ್ಲಜನಕವನ್ನು ಹೊತ್ತಿರುವಾಗ ಯಾವ ತಂಟೆಯೂ ಇಲ್ಲ. ಅಂಗಾಂಗಗಳಿಗೆ ಅದನ್ನು ಇಳಿಸಿಕೊಟ್ಟ ಮೇಲೆ ಒಂದಕ್ಕೊಂದು ಅಂಟತೊಡಗುತ್ತವೆ. ಹದಿನಾಲ್ಕು ಎಳೆಗಳು ಸುತ್ತಿಕೊಂಡು ಬಿರುಸಾದ ಒಂದು ನಾರಾಗುತ್ತದೆ. ಅಂಥ ನಾರುಗಳು ಕಣದೊಳಗೆ ಬೆಳೆದು ಅದನ್ನು ಒಳಗಿನಿಂದಲೇ ಚಾಚಿ ಬಗ್ಗಿಸುತ್ತವೆ. ಆದರೆ ನಾರು ಕಾಣಿಸಿಕೊಳ್ಳುವ ಮೊದಲು ಒಂದಿಷ್ಟು ಹೊತ್ತು ಏನೂ ಆಗುವುದಿಲ್ಲ. ಆ ಬಿಡುವನ್ನು 1974ರಲ್ಲಿ ಅಮೆರಿಕದ ಬೆಥೆಸ್ಡಾದಲ್ಲಿ ಜೇಮ್ಸ್ ಹಾಫ್ರಿಕ್ಟರ್, ವಿಲಿಯಂ ಈಟನ್ ಮತ್ತು ಸಂಗಡಿಗರು ಅಳೆದರು. ಅವರಿಗೆ ಸಿಕ್ಕಿದ್ದು ನಂಬಲು ಕಷ್ಟವಾಗುವ ಒಂದು ಸಂಬಂಧ. ಬಿಡುವಿನ ಅವಧಿ ಹೀಮೋಗ್ಲೋಬಿನ್ ಎಷ್ಟು ದಟ್ಟವಾಗಿದೆ ಎನ್ನುವುದರ ಸುಮಾರು ಮೂವತ್ತನೆಯ ಘಾತದಂತೆ ಬದಲಾಗುತ್ತಿತ್ತು. ಶಾಲೆಯಲ್ಲಿ ನಾವು ವರ್ಗ, ಘನ ಕಲಿತೆವು: ಎರಡನೆಯ ಘಾತ, ಮೂರನೆಯ ಘಾತ. ಇದು ಮೂವತ್ತನೆಯದು. ದಟ್ಟಣೆ ನೂರಕ್ಕೆ ಹತ್ತರಷ್ಟು ಏರಿದರೆ ನಾರು ಹದಿನೇಳು ಪಟ್ಟು ಬೇಗ ಹುಟ್ಟುತ್ತದೆ. ಬಿಸಿಲಲ್ಲಿ ಬೆವತು, ಜ್ವರದಲ್ಲಿ ಬಳಲಿ, ಭೇದಿಯಾಗಿ ಮೈಯ ನೀರು ಇಳಿದಾಗ ಸಿಕಲ್ ಸೆಲ್ ರೋಗಿಗಳು ಯಾಕೆ ಇದ್ದಕ್ಕಿದ್ದಂತೆ ಕುಸಿಯುತ್ತಾರೆ ಎಂಬುದಕ್ಕೆ ಇದಕ್ಕಿಂತ ನಿಚ್ಚಳ ವಿವರಣೆ ನನಗೆ ಸಿಕ್ಕಿಲ್ಲ. ಅತಿ ಸಣ್ಣ ಲೋಮನಾಳವನ್ನು ದಾಟಲು ಕಣಕ್ಕೆ ಬೇಕಾಗುವುದು ಒಂದು ಸೆಕೆಂಡಿನ ಆಸುಪಾಸು. ನಾರು ಹುಟ್ಟುವಷ್ಟರಲ್ಲಿ ಅದು ನಾಳದಿಂದ ಆಚೆ ಬಂದಿದ್ದರೆ ಬದುಕಿತು. ಒಳಗೇ ಇದ್ದರೆ ಸಿಕ್ಕಿಬಿತ್ತು.

ಹೀಗೆ ಬಾಗಿ, ಮತ್ತೆ ಆಮ್ಲಜನಕ ಸಿಕ್ಕಾಗ ನೆಟ್ಟಗಾಗಿ, ಪುನಃ ಬಾಗಿ, ಕಣದ ಪೊರೆ ಜರ್ಜರಿತವಾಗುತ್ತದೆ. ಸಾಮಾನ್ಯವಾಗಿ ಕೆಂಪು ರಕ್ತಕಣ 120 ದಿನ ಬಾಳುತ್ತದೆ. ಇಲ್ಲಿ ಹತ್ತರಿಂದ ಇಪ್ಪತ್ತು ದಿನ. ಹದಿನಾರು ದಿನ ಎಂದಿಟ್ಟುಕೊಂಡು, ಕಣಗಳ ಸಂಖ್ಯೆ ಅರ್ಧ ಎಂದು ಹಿಡಿದು ಭಾಗಾಕಾರ ಮಾಡಿದರೆ ಸೆಕೆಂಡಿಗೆ ಸುಮಾರು 90 ಲಕ್ಷ ಕಣಗಳು ಸಾಯಬೇಕು, ಅಷ್ಟೇ ಹುಟ್ಟಬೇಕು. ಆರೋಗ್ಯವಂತರಲ್ಲಿ ಇದು 24 ಲಕ್ಷ. ಅಸ್ಥಿಮಜ್ಜೆ ನಾಲ್ಕು ಪಾಲು ದುಡಿದೂ ಅರ್ಧ ರಕ್ತವನ್ನಷ್ಟೇ ಒದಗಿಸುತ್ತದೆ. ನೀವು ಈ ವಾಕ್ಯ ಓದಿ ಮುಗಿಸುವಷ್ಟರಲ್ಲಿ ಒಬ್ಬ ರೋಗಿಯ ಮೈಯಲ್ಲಿ ನಾಲ್ಕೈದು ಕೋಟಿ ಕಣಗಳು ಕಳೆದುಹೋಗಿರುತ್ತವೆ.

ಇಲ್ಲಿಂದ ಹೆಪ್ಪಿನ ಕಥೆ. ಸಾಯುವ ಕಣಗಳಲ್ಲಿ ಹೆಚ್ಚಿನವನ್ನು ಬಿಳಿ ಕಣಗಳ ಜಾತಿಯ ಭಕ್ಷಕಗಳು ಸದ್ದಿಲ್ಲದೆ ನುಂಗಿಬಿಡುತ್ತವೆ. ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ ಹರಿಯುವ ರಕ್ತದಲ್ಲೇ ಒಡೆಯುತ್ತದೆ. ಅಂದರೆ ಸೆಕೆಂಡಿಗೆ 30 ಲಕ್ಷ ಕಣ. ಅವುಗಳಿಂದ ಹೊರಚೆಲ್ಲುವ ಹೀಮೋಗ್ಲೋಬಿನ್ ಅಣುಗಳು ಸೆಕೆಂಡಿಗೆ ಎಂಟು ಕೋಟಿ ಕೋಟಿ. ತೂಕ ಹಾಕಿದರೆ ದಿನಕ್ಕೆ ಏಳೆಂಟು ಗ್ರಾಂ. ಎರಡು ಚಮಚದಷ್ಟೂ ಆಗದ ಈ ಪದಾರ್ಥ ರಕ್ತನಾಳಗಳಲ್ಲಿ ಮಾಡುವ ಹಾನಿ ದೊಡ್ಡದು. ನಾಳದ ಒಳಗೋಡೆ ಸದಾ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಚೂರುಚೂರೇ ಹೊರಬಿಡುತ್ತಿರುತ್ತದೆ. ನಾಳವನ್ನು ಸಡಿಲವಾಗಿ ಇಡುವುದು, ಪ್ಲೇಟ್‌ಲೆಟ್‌ಗಳು ಸುಮ್ಮಸುಮ್ಮನೆ ಒಂದಕ್ಕೊಂದು ಅಂಟದಂತೆ ನೋಡಿಕೊಳ್ಳುವುದು ಅದರ ಕೆಲಸ. ಕಣದ ಪೊರೆಯೊಳಗೆ ಭದ್ರವಾಗಿರುವ ಹೀಮೋಗ್ಲೋಬಿನ್ ಆ ಅನಿಲದ ತಂಟೆಗೆ ಹೆಚ್ಚಾಗಿ ಹೋಗುವುದಿಲ್ಲ. ಬಿಡುಬೀಸಾಗಿ ಚೆಲ್ಲಿದ್ದು ನೂರಾರು ಪಟ್ಟು ವೇಗದಲ್ಲಿ ಅದನ್ನು ಹೀರಿಕೊಳ್ಳುತ್ತದೆ. ನಾಳ ಬಿಗಿಯುತ್ತದೆ, ಪ್ಲೇಟ್‌ಲೆಟ್‌ಗಳು ಚುರುಕಾಗುತ್ತವೆ.

ಅದರ ಮೇಲೆ ಕಣದ ಪೊರೆಯ ಒಳಮೈ ಹೊರಗಾಗುತ್ತದೆ. ಫಾಸ್ಫಟಿಡೈಲ್‌ಸೆರೀನ್ ಎಂಬ ಕೊಬ್ಬಿನಂಥ ಅಣು ಯಾವಾಗಲೂ ಪೊರೆಯ ಒಳಮುಖಕ್ಕಿರಬೇಕು. ಪದೇಪದೇ ಬಾಗಿದ ಕಣಗಳಲ್ಲಿ ಅದು ಹೊರಮೈಗೆ ಬಂದು ನಿಲ್ಲುತ್ತದೆ, ಮತ್ತು ಹೆಪ್ಪುಗಟ್ಟಿಸುವ ಪ್ರೊಟೀನ್‌ಗಳು ಕೂತು ಕೆಲಸ ಮಾಡಲು ಬೇಕಾದ ಜಾಗವೇ ಅದು. ನೂರರಲ್ಲಿ ಒಂದು ಕಣ ಹೀಗಾಗಿದ್ದರೂ ರಕ್ತದಲ್ಲಿ ಅಂಥವು ಹತ್ತು ಸಾವಿರ ಕೋಟಿಗೂ ಮಿಗಿಲು. ಇಂಥ ಕಣಗಳನ್ನು ಆರಿಸಿ ತೆಗೆಯುವುದು ಗುಲ್ಮದ ಕೆಲಸ. ಆಫ್ರಿಕಾ ಮೂಲದ ಮಕ್ಕಳಲ್ಲಿ ಕಾಯಿಲೆ ಮೊದಲು ಬಲಿ ತೆಗೆದುಕೊಳ್ಳುವ ಅಂಗಗಳಲ್ಲಿ ಅದೂ ಒಂದು. ಐದು ವರ್ಷ ತುಂಬುವಷ್ಟರಲ್ಲಿ ಬಹುಪಾಲು ಮಕ್ಕಳ ಗುಲ್ಮ ಕೆಲಸ ನಿಲ್ಲಿಸಿರುತ್ತದೆ. ಇದಲ್ಲದೆ ಬಿಳಿ ಕಣಗಳು ತಮ್ಮ ಡಿಎನ್‌ಎಯನ್ನೇ ಬಲೆಯಂತೆ ಹೊರಚಾಚುತ್ತವೆ, ಹೆಪ್ಪಿಗೆ ಚಾಲನೆ ಕೊಡುವ ಟಿಶ್ಯೂ ಫ್ಯಾಕ್ಟರ್ ಇರಬಾರದ ಕಡೆ ಕಾಣಿಸಿಕೊಳ್ಳುತ್ತದೆ, ಹೆಪ್ಪನ್ನು ತಡೆಯುವ ಪ್ರೊಟೀನ್ ಸಿ ಮತ್ತು ಪ್ರೊಟೀನ್ ಎಸ್ ಕಡಿಮೆಯಾಗುತ್ತವೆ. ಪಟ್ಟಿ ಇನ್ನೂ ಉದ್ದವಿದೆ.

ಜರ್ಮನಿಯ ರುಡಾಲ್ಫ್ ವಿರ್ಷೋ ಅವರ ಹೆಸರಿನಲ್ಲಿ ವೈದ್ಯ ವಿದ್ಯಾರ್ಥಿಗಳು ಇಂದಿಗೂ ಬಾಯಿಪಾಠ ಮಾಡುವ ಮೂರು ಕಾರಣಗಳಿವೆ: ರಕ್ತದ ಹರಿವು ನಿಧಾನವಾಗಬೇಕು, ನಾಳದ ಗೋಡೆ ಕೆಡಬೇಕು, ರಕ್ತದ ಗುಣವೇ ಬದಲಾಗಬೇಕು. ಈ ಪೈಕಿ ಒಂದಿದ್ದರೂ ಹೆಪ್ಪು ಬರಬಹುದು. ಸಿಕಲ್ ಸೆಲ್ ರೋಗಿಯ ಮೈಯಲ್ಲಿ ಮೂರೂ ಎಳವೆಯಿಂದಲೇ, ಹಗಲೂ ರಾತ್ರಿ, ನೋವಿಲ್ಲದೆ ಆರಾಮವಾಗಿ ಇದ್ದಾರೆ ಎನ್ನುವ ದಿನಗಳಲ್ಲೂ ಇರುತ್ತವೆ. ಹೆಪ್ಪಿನ ಸುಳಿವು ಹಿಡಿಯಲು ವೈದ್ಯರು ಬರೆಯುವ ಡಿ-ಡೈಮರ್ ರಕ್ತಪರೀಕ್ಷೆ ಇವರಲ್ಲಿ ನೆಚ್ಚುವಂತಿಲ್ಲದಿರುವುದು ಇದರಿಂದಲೇ. ಆರಾಮವಾಗಿರುವಾಗಲೂ ಅದು ಏರಿಯೇ ಇರುತ್ತದೆ.

ಹಾಗಾದರೆ ಇಷ್ಟು ಕಾಲ ಇದು ಕಣ್ಣಿಗೆ ಬೀಳದೆ ಹೋದದ್ದು ಹೇಗೆ? ನೋವಿನಿಂದ. ಎದೆನೋವು, ಉಸಿರುಕಟ್ಟು, ಕಾಲುನೋವು ಎಂದು ಬಂದ ರೋಗಿ ಮೊದಲೂ ಹತ್ತಾರು ಸಲ ಹಾಗೆಯೇ ಬಂದವರು. ಇದೂ ಆ ಹಳೆಯ ಬಿಕ್ಕಟ್ಟೇ ಎಂದು ನೋವಿನ ಇಂಜೆಕ್ಷನ್, ಡ್ರಿಪ್ ಕೊಟ್ಟು ಮಲಗಿಸುತ್ತಾರೆ. ಫ್ರಾನ್ಸಿನ ವೈದ್ಯರು, ಶ್ವಾಸಕೋಶದ ಬಿಕ್ಕಟ್ಟಿನಿಂದ ಆಸ್ಪತ್ರೆ ಸೇರಿದ ವಯಸ್ಕ ರೋಗಿಗಳಿಗೆ ಸಿ.ಟಿ. ಸ್ಕ್ಯಾನ್ ಮಾಡಿ ನೋಡಿದರು. 2011ರಲ್ಲಿ ಅವರು ಪ್ರಕಟಿಸಿದ ಉತ್ತರ: ನೂರಕ್ಕೆ 17 ಸಲ ಶ್ವಾಸಕೋಶದ ಅಪಧಮನಿಯಲ್ಲಿ ಹೆಪ್ಪು ಇತ್ತು. ಆರರಲ್ಲಿ ಒಂದು! ಹೆರಿಕ್ ಬರೆದ ಮೊದಲ ರೋಗಿ, ಗ್ರೆನಡಾ ದ್ವೀಪದಿಂದ ಚಿಕಾಗೋಗೆ ದಂತವೈದ್ಯ ಓದಲು ಬಂದಿದ್ದ ವಾಲ್ಟರ್ ಕ್ಲೆಮೆಂಟ್ ನೋಯೆಲ್, ಊರಿಗೆ ಮರಳಿ ವೃತ್ತಿ ಮಾಡುತ್ತಿದ್ದಾಗ 1916ರಲ್ಲಿ ತೀರಿಕೊಂಡದ್ದೂ ಶ್ವಾಸಕೋಶದ ತೊಂದರೆಯಿಂದ. ದಾಖಲೆಯಲ್ಲಿ ನ್ಯುಮೋನಿಯ ಎಂದಿದೆ. ವಯಸ್ಸು 32.

ಮೆದುಳಿನ ವಿಷಯಕ್ಕೆ ಬಂದರೆ ಲೆಕ್ಕ ಇನ್ನೂ ಕ್ರೂರ. ಚಿಕಿತ್ಸೆ ಇಲ್ಲದ ಕಾಲದ ಅಮೆರಿಕದ ದಾಖಲೆಗಳಂತೆ, ತೀವ್ರ ಬಗೆಯ ಕಾಯಿಲೆ ಇರುವ ನೂರು ಮಕ್ಕಳಲ್ಲಿ 11 ಮಕ್ಕಳಿಗೆ ಇಪ್ಪತ್ತು ವರ್ಷದೊಳಗೆ ಸ್ಟ್ರೋಕ್ ಆಗುತ್ತಿತ್ತು. ಅಜ್ಜಂದಿರಿಗೆ ಹೊಡೆಯುವ ಲಕ್ವ ಮೂರನೇ ಕ್ಲಾಸಿನ ಮಗುವಿಗೆ. ಆದರೆ ಈ ಕಾಯಿಲೆಯ ಇತಿಹಾಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಸಂಖ್ಯೆ ಇರುವುದೂ ಇಲ್ಲೇ: 200. ಮೆದುಳಿಗೆ ಹೋಗುವ ರಕ್ತನಾಳ ಕಿರಿದಾದಷ್ಟೂ ಅದರಲ್ಲಿ ರಕ್ತ ರಭಸದಿಂದ ನುಗ್ಗುತ್ತದೆ. ಕಣತಲೆಗೆ ಅಲ್ಟ್ರಾಸೌಂಡ್ ಸಲಕರಣೆ ಒತ್ತಿ ಆ ವೇಗವನ್ನು ಅಳೆಯಬಹುದು ಎಂದು ರಾಬರ್ಟ್ ಆಡಮ್ಸ್ ತೋರಿಸಿದರು. ಸೂಜಿಯಿಲ್ಲ, ನೋವಿಲ್ಲ. ಸೆಕೆಂಡಿಗೆ 200 ಸೆಂಟಿಮೀಟರ್ ದಾಟಿದರೆ ಅಪಾಯ. ಅಂಥ 130 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ನಿಯಮಿತವಾಗಿ ರಕ್ತ ಕೊಟ್ಟರು, ಇನ್ನೊಂದಕ್ಕೆ ಆಗ ರೂಢಿಯಲ್ಲಿದ್ದ ಆರೈಕೆ. ರೂಢಿಯ ಆರೈಕೆಯ ಗುಂಪಿನಲ್ಲಿ 11 ಮಕ್ಕಳಿಗೆ ಸ್ಟ್ರೋಕ್ ಆಯಿತು. ರಕ್ತ ಪಡೆದ ಗುಂಪಿನಲ್ಲಿ ಒಂದೇ ಮಗುವಿಗೆ. ಅಪಾಯ ನೂರಕ್ಕೆ 92ರಷ್ಟು ಇಳಿದಿತ್ತು. ಅಧ್ಯಯನವನ್ನು ಮುಂದುವರಿಸುವುದೇ ತಪ್ಪು ಎನ್ನಿಸಿ ಅವಧಿಗೆ ಮೊದಲೇ ನಿಲ್ಲಿಸಿದರು. 1998ರಲ್ಲಿ ಅದು ಪ್ರಕಟವಾಯಿತು.

ಜಗತ್ತಿನಲ್ಲಿ ಈ ಕಾಯಿಲೆ ಇರುವವರು, 2021ರ ಅಂದಾಜಿನಂತೆ, 77 ಲಕ್ಷ. ಆ ಒಂದೇ ವರ್ಷ ಕಾಯಿಲೆಯೊಂದಿಗೆ ಹುಟ್ಟಿದ ಮಕ್ಕಳು 5 ಲಕ್ಷ 15 ಸಾವಿರ, ನಿಮಿಷಕ್ಕೊಂದು ಮಗು. ಮುಕ್ಕಾಲು ಪಾಲಿಗೂ ಮಿಗಿಲು ಸಹಾರಾದ ದಕ್ಷಿಣದ ಆಫ್ರಿಕಾದಲ್ಲಿ. ಹೆಪ್ಪಿನ ಲೆಕ್ಕಗಳೆಲ್ಲ ಬಾಲ್ಟಿಮೋರ್, ಕ್ಯಾಲಿಫೋರ್ನಿಯಾ, ಪ್ಯಾರಿಸ್ ಕಡೆಯಿಂದ ಬರುತ್ತವೆ. ಕಾಯಿಲೆ ಇರುವ ಕಡೆ ಬಹಳಷ್ಟು ಮಕ್ಕಳು ಹೆಪ್ಪು ಬರುವ ವಯಸ್ಸಿನವರೆಗೆ ಬದುಕುವುದೇ ಇಲ್ಲ. ಒಂದೇ ಕಾಯಿಲೆ, ಎರಡು ಭೂಖಂಡಗಳಲ್ಲಿ ಎರಡು ಬಗೆಯ ಸಾವು. ಇದನ್ನು ಬರೆಯುವಾಗ ಕೈ ಭಾರವಾಗುತ್ತದೆ.

ನಮ್ಮಲ್ಲಿ ಇದರ ಸುಳಿವು ಮೊದಲು ಸಿಕ್ಕಿದ್ದು 1952ರಲ್ಲಿ, ನೀಲಗಿರಿಯ ಆದಿವಾಸಿಗಳ ರಕ್ತದಲ್ಲಿ. ಬಂಡೀಪುರ ದಾಟಿದರೆ ಸಿಗುವ ಬೆಟ್ಟಗಳವು. ಅದೇ ಕಾಡಿನ ಈಚೆ ಬದಿಯ ಚಾಮರಾಜನಗರ, ಎಚ್.ಡಿ. ಕೋಟೆ, ಕೊಡಗಿನ ಜೇನುಕುರುಬ, ಸೋಲಿಗ, ಯರವರ ಹಾಡಿಗಳಲ್ಲೂ ಈ ಜೀನ್ ಇದೆ. ಪರಿಶಿಷ್ಟ ಪಂಗಡಗಳಲ್ಲಿ ಹುಟ್ಟುವ 86 ಮಕ್ಕಳಲ್ಲಿ ಒಂದಕ್ಕೆ ಕಾಯಿಲೆ ಇರುತ್ತದೆ ಎಂಬುದು ಸರ್ಕಾರದ ಅಂದಾಜು. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಶುರುವಾದ ರಾಷ್ಟ್ರೀಯ ಅಭಿಯಾನ ಹದಿನೇಳು ರಾಜ್ಯಗಳಲ್ಲಿ ನಲವತ್ತು ವರ್ಷದವರೆಗಿನ 7 ಕೋಟಿ ಜನರ ರಕ್ತ ಪರೀಕ್ಷಿಸುವ ಗುರಿ ಇಟ್ಟುಕೊಂಡಿತು. ಕರ್ನಾಟಕವೂ ಆ ಹದಿನೇಳರಲ್ಲಿ ಒಂದು. ಒಂದೇ ಪ್ರತಿಯಲ್ಲಿ ಈ ಜೀನ್ ಇರುವ ವಾಹಕರು ಸಾಮಾನ್ಯವಾಗಿ ಆರೋಗ್ಯವಾಗಿರುತ್ತಾರೆ. ಮಲೇರಿಯಾದ ಮಾರಕ ರೂಪದಿಂದ ಅವರಿಗೆ ರಕ್ಷಣೆ ಕೂಡ ಇದೆ, ಈ ಅಕ್ಷರ ಸಾವಿರಾರು ವರ್ಷ ಉಳಿದುಬಂದದ್ದೇ ಅದರಿಂದ. ಆದರೂ ಅವರಲ್ಲಿ ಶ್ವಾಸಕೋಶದ ಹೆಪ್ಪಿನ ಸಂಭವ ಉಳಿದವರ ಸುಮಾರು ಎರಡು ಪಟ್ಟು. ಜಗತ್ತಿನಲ್ಲಿ ಅಂಥ ವಾಹಕರು ಸುಮಾರು 30 ಕೋಟಿ.

ಭಾರತದ ರೋಗಿಗಳಿಗೆ ಒಂದು ಆಸರೆ ಹುಟ್ಟಿನಿಂದಲೇ ಬಂದಿದೆ. ಭ್ರೂಣದಲ್ಲಿದ್ದಾಗಿನ ಹೀಮೋಗ್ಲೋಬಿನ್ ಅವರಲ್ಲಿ ಆಫ್ರಿಕಾದವರಿಗಿಂತ ಹೆಚ್ಚು ಉಳಿದಿರುತ್ತದೆ, ಮತ್ತು ಅದು ನಾರಿಗೆ ಸೇರಿಕೊಳ್ಳುವುದಿಲ್ಲ. ಹಾಗೆಂದು ಎಲ್ಲರ ಕಾಯಿಲೆಯೂ ಹಗುರವೇನಲ್ಲ. ಆ ಮೂವತ್ತನೆಯ ಘಾತ ಕೆಲಸಕ್ಕೆ ಬರುವುದು ಇಲ್ಲಿ, ಈ ಸಲ ಒಳ್ಳೆಯದಕ್ಕೆ. ಕೆಟ್ಟ ಹೀಮೋಗ್ಲೋಬಿನ್ನಿನ ದಟ್ಟಣೆ ನೂರಕ್ಕೆ ಹತ್ತರಷ್ಟು ತಗ್ಗಿದರೆ ನಾರು ಹುಟ್ಟುವ ಮುಂಚಿನ ಬಿಡುವು ಇಪ್ಪತ್ತಮೂರು ಪಟ್ಟು ಹಿಗ್ಗುತ್ತದೆ, ಕಣ ಲೋಮನಾಳ ದಾಟಿ ಆಚೆ ಬರಲು ಹೊತ್ತು ಸಿಗುತ್ತದೆ. ಹೈಡ್ರಾಕ್ಸಿಯೂರಿಯಾ ಎಂಬ ಗುಳಿಗೆ ಮಾಡುವುದು ಬಹುಪಾಲು ಇದನ್ನೇ: ಭ್ರೂಣದ ಹೀಮೋಗ್ಲೋಬಿನ್ ಹೆಚ್ಚಿಸಿ ಕೆಟ್ಟದ್ದನ್ನು ತೆಳುವಾಗಿಸುತ್ತದೆ. 1995ರಲ್ಲಿ ಪ್ರಕಟವಾದ, 299 ವಯಸ್ಕರ ಮೇಲಿನ ಪ್ರಯೋಗದಲ್ಲಿ ನೋವಿನ ಬಿಕ್ಕಟ್ಟು ಈ ಗುಳಿಗೆ ಪಡೆಯದವರಲ್ಲಿ ವರ್ಷಕ್ಕೆ ನಾಲ್ಕೂವರೆ ಇದ್ದರೆ ಪಡೆದವರಲ್ಲಿ ಎರಡೂವರೆ ಇತ್ತು. ಅಮೆರಿಕ 2023ರ ಡಿಸೆಂಬರಿನಲ್ಲಿ ಒಪ್ಪಿಗೆ ಕೊಟ್ಟ ಜೀನ್ ತಿದ್ದುವ ಚಿಕಿತ್ಸೆಯ ಬೆಲೆ ಆಗ ಒಬ್ಬರಿಗೆ 22 ಲಕ್ಷ ಡಾಲರ್, ಅಂದಿನ ಲೆಕ್ಕದಲ್ಲಿ ಹತ್ತಿರ ಹತ್ತಿರ 18 ಕೋಟಿ ರೂಪಾಯಿ ಇತ್ತು. ಹಾಡಿಗೆ ಬೇಕಾಗಿರುವುದು ಆ ಗುಳಿಗೆ, ತಿಂಗಳು ತಪ್ಪದೆ, ಆಗಾಗ ರಕ್ತಪರೀಕ್ಷೆಯೊಂದಿಗೆ.

ಹೆಪ್ಪು ಬಂದ ಮೇಲಿನ ದಾರಿ ಕಿರಿದು. ಕಾರಣವಿಲ್ಲದೆ ಮೊದಲ ಹೆಪ್ಪು ಬಂದ ಸಿಕಲ್ ಸೆಲ್ ರೋಗಿಗೆ ರಕ್ತ ತೆಳುವಾಗಿಸುವ ಔಷಧಿಯನ್ನು ಕೊನೆಯ ದಿನಾಂಕವಿಲ್ಲದೆ ಮುಂದುವರಿಸಿ ಎನ್ನುವುದು ಅಮೆರಿಕದ ರಕ್ತರೋಗ ತಜ್ಞರ ಸಂಘ 2019ರಲ್ಲಿ ಕೊಟ್ಟ ಸಲಹೆ. ಆದರೆ ಅದೇ ಕ್ಯಾಲಿಫೋರ್ನಿಯಾದ ದಾಖಲೆಗಳಲ್ಲಿ ನಲವತ್ತರೊಳಗೆ ನೂರಕ್ಕೆ ಸುಮಾರು 21 ರೋಗಿಗಳಿಗೆ ರಕ್ತಸ್ರಾವವೂ ಆಗಿತ್ತು. ಹೆಪ್ಪುಗಟ್ಟುವ ಮೈಯೇ ಸೋರುವ ಮೈ ಕೂಡ. ಎಷ್ಟು ಔಷಧಿ, ಎಷ್ಟು ದಿನ ಎಂಬುದನ್ನು ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ತೂಗಬೇಕು, ತೂಗಲು ಬಲ್ಲ ವೈದ್ಯರು ಹತ್ತಿರವಿರಬೇಕು. ಅಭಿಯಾನದವರು ಪರೀಕ್ಷೆ ಮುಗಿಸಿ ಕೈಗಿಡುವ ಕಾರ್ಡಿನಲ್ಲಿ ರೋಗಿಯೋ ವಾಹಕರೋ ಎಂಬುದು ಗೊತ್ತಾಗುತ್ತದೆ. ಅದರ ಹಿಂಬದಿಯಲ್ಲಿ, ಹಾಡಿಯ ಜನರೂ ರಾತ್ರಿ ಪಾಳಿಯ ವೈದ್ಯರೂ ಓದುವಷ್ಟು ದಪ್ಪ ಅಕ್ಷರದಲ್ಲಿ ಎರಡು ಸಾಲು ಇರಲಿ ಎಂದು ನಾನು ಕೇಳುತ್ತೇನೆ: ಒಂದು ಕಾಲು ಮಾತ್ರ ಊದಿಕೊಂಡರೆ, ನೋವು ಇಳಿದ ಮೇಲೂ ಉಸಿರು ಕಟ್ಟುತ್ತಿದ್ದರೆ, ಹೆಪ್ಪು ಇದೆಯೇ ಎಂದು ಸ್ಕ್ಯಾನ್ ಮಾಡಿ ನೋಡಿ. ವಯಸ್ಸು ಚಿಕ್ಕದೆಂದು ಬಿಡಬೇಡಿ.